ಒತ್ತಕ್ಷರವೂ ಕಿರುಗತೆಯೂ

(ಶ್ರೀಮಠದ ಸುವರ್ಣ ಮಹೋತ್ಸವದ ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಭಾಷಣ)

 

ನನಗಿಂತ ಮೊದಲು ಮಾತನಾಡಿದ ವಿದ್ವಾಂಸರು ಷಟ್‌ಸ್ಥಲದ ತತ್ತ್ವವನ್ನೂ ವಚನವಾಙ್ಮಯದ ಹಿರಿಮೆಯನ್ನೂ ತಮ್ಮ ಮುಂದೆ ವಿಸ್ತಾರವಾಗಿ ನಿರೂಪಿಸಿರುವರು. ಅಂತಹ ಗಂಭೀರವಾದ ಮಾತುಗಳನ್ನು ಕೇಳಿದ ಕಿವಿಗಳಿಗೆ ನನ್ನ ವಿಷಯವು ತೀರ ಅಲ್ಪವಾಗಿ ತೋರಬಹುದು. ನಾನು ಶಾಸ್ತ್ರವನ್ನು ಬಲ್ಲವನಲ್ಲ. ಹಳ್ಳಿಯ ಶಾಲೆಯಲ್ಲಿ ಎಳೆಯ ಮಕ್ಕಳಿಗೆ ಅಕ್ಷರ ತಿದ್ದಿಸಿ ಕೂದಲು ನರೆಸಿಕೊಂಡ ಉಪಾಧ್ಯಾಯನು. ಆದುದರಿಂದ ನನಗೆ ತಿಳಿದುದನ್ನೇ ಹೇಳುವೆನು. ಎಳೆಯರಿಗೆ ಒತ್ತಕ್ಷರವನ್ನು ಕಲಿಸುವುದು ಹೇಗೆ, ಅದಕ್ಕೆ ಕಿರುಗತೆಗಳು ಹೇಗೆ ನೆರವಾಗುವುವು ಎಂಬುದೇ ಈ ಹೊತ್ತಿನ ನನ್ನ ವಿಷಯ.

ಒತ್ತಕ್ಷರವೆಂದರೆ ಅಕ್ಷರದ ಅಡಿಯಲ್ಲಿ ಕುಳಿತಿರುವ ಒಂದು ಸಣ್ಣ ಗೆರೆಯಷ್ಟೆ, ಅದಕ್ಕೆ ಒಂದು ಭಾಷಣವೇ ಎಂದು ಯಾರಾದರೂ ಕೇಳಬಹುದು. ಅವರು ದಯವಿಟ್ಟು ಒಂದು ಮಾತನ್ನು ಯೋಚಿಸಬೇಕು. ಕನ್ನಡ ಎಂಬ ನಮ್ಮ ನುಡಿಯ ಹೆಸರನ್ನು ಒತ್ತಿಲ್ಲದೆ ಬರೆಯಲಾಗದು. ಅಕ್ಷರ ಎಂಬ ಮಾತನ್ನೂ ಒತ್ತಿಲ್ಲದೆ ಬರೆಯಲಾಗದು. ಬಸವಣ್ಣನವರ ಹೆಸರು, ಅಲ್ಲಮಪ್ರಭುಗಳ ಹೆಸರು, ಅಕ್ಕಮಹಾದೇವಿಯ ಹೆಸರು, ಚೆನ್ನಬಸವಣ್ಣನವರ ಹೆಸರು, ಇವುಗಳಲ್ಲಿ ಯಾವುದನ್ನು ಓದಬೇಕಾದರೂ ಮಗುವು ಒತ್ತಕ್ಷರದ ಹೊಸತಿಲನ್ನು ದಾಟಿಯೇ ಬರಬೇಕು. ವರ್ಣಮಾಲೆಯ 49 ಅಕ್ಷರಗಳನ್ನೂ ಕಾಗುಣಿತವನ್ನೂ ಕಲಿತು, ಆ ಹೊಸತಿಲ ಬಳಿ ಎಡವಿ ಹಿಂದಿರುಗಿದ ಮಕ್ಕಳು ಎಷ್ಟೋ ಮಂದಿ. ಅವರು ಊರ ಬಾಗಿಲವರೆಗೆ ಬಂದು ಊರನ್ನು ಕಾಣದೆ ಹೋದ ಯಾತ್ರಿಕರಂತೆ. ಅಂತಹ ಒಂದು ಮಗುವನ್ನು ನಾನೇ ಹಿಂದಕ್ಕೆ ಕಳುಹಿಸಿದೆನು. ಆ ಸಂಗತಿಯನ್ನು ಮೊದಲು ಅರಿಕೆ ಮಾಡಿಕೊಂಡಲ್ಲದೆ ಮುಂದಿನ ಮಾತನ್ನಾಡಲು ನನಗೆ ಅಧಿಕಾರವಿಲ್ಲ.

ಈಗ್ಗೆ ಸುಮಾರು 40 ವರ್ಷಗಳ ಹಿಂದಿನ ಮಾತು. ನಾನು ಆಗ ಹೊಸದಾಗಿ ಕೆಲಸಕ್ಕೆ ಸೇರಿದ್ದೆನು. ಎರಡನೆಯ ತರಗತಿಯಲ್ಲಿ ಮಡಿವಾಳರ ಮನೆಯ ಒಬ್ಬ ಹುಡುಗನಿದ್ದನು. ಬುದ್ಧಿವಂತನು, ಆದರೆ ಮಾತು ಕಡಿಮೆ. ಅವನ ತಂಗಿಯೂ ಒಂದನೆಯ ತರಗತಿಗೆ ಬರುತ್ತಿದ್ದಳು. ಒಂದು ದಿನ ಪಾಠದಲ್ಲಿ ‘ಅಜ್ಜಿ ಕತೆ ಹೇಳಿದಳು’ ಎಂಬ ವಾಕ್ಯ ಬಂದಿತು. ಹಿಂದಿನ ವಾರವಷ್ಟೇ ನಾನು ತಕಾರದ ಒತ್ತನ್ನು ಹಲಗೆಯ ಮೇಲೆ ಬರೆದು ನೂರು ಸಲ ತಿದ್ದಿಸಿದ್ದೆನು. ಆ ತಿದ್ದಾಟದ ಭಾರ ಹುಡುಗನ ತಲೆಯಲ್ಲಿದ್ದಿತು. ಅವನು ಎದ್ದು ನಿಂತು ‘ಅಜ್ಜಿ ಕತ್ತೆ ಹೇಳಿದಳು’ ಎಂದು ಓದಿದನು. ತರಗತಿಯೆಲ್ಲ ಘೊಳ್ಳೆಂದು ನಕ್ಕಿತು. ಹುಡುಗನ ಮನೆಯಲ್ಲಿ ಕತ್ತೆಗಳಿದ್ದುದು ಎಲ್ಲರಿಗೂ ಗೊತ್ತು. ನಗೆಯನ್ನು ತಡೆಯಬೇಕಾಗಿದ್ದ ನಾನೂ ನಕ್ಕೆನು. ಅಷ್ಟು ಮಾತ್ರವಲ್ಲ, ‘ಮನೆಯಲ್ಲಿರುವುದೇ ಬಾಯಲ್ಲಿ ಬರುವುದು’ ಎಂದು ಒಂದು ಮಾತನ್ನೂ ಆಡಿದೆನು. ಮರುದಿನ ಆ ಹುಡುಗನೂ ಬರಲಿಲ್ಲ, ಅವನ ತಂಗಿಯೂ ಬರಲಿಲ್ಲ.

ಎಂಟು ದಿನ ಕಾದು, ಮನಸ್ಸು ತಡೆಯಲಾರದೆ ಹಳ್ಳದ ದಂಡೆಗೆ ಹೋದೆನು. ಅವನ ತಂದೆ ಒಗೆಯುವ ಕಲ್ಲಿನಿಂದ ಎದ್ದು ಬಂದು ಕೈಮುಗಿದನು. ನಾನು ಬಂದ ಕಾರಣವನ್ನು ತಿಳಿಸಲು, ಅವನು ಸ್ವಲ್ಪವೂ ಸಿಟ್ಟಾಗದೆ, “ಗುರುಗಳೇ, ಅವನು ಕತ್ತೆ ಕಾಯಲಿ ಬಿಡಿರಿ. ಕತ್ತೆಗಳು ಯಾರನ್ನೂ ನೋಡಿ ನಗುವುದಿಲ್ಲ” ಎಂದನು. ಮಡಿವಾಳ ಮಾಚಿದೇವರನ್ನು ಶರಣರೆಂದು ಕೊಂಡಾಡುವ ನಾಡಿನಲ್ಲಿ ಹುಟ್ಟಿ, ಮಡಿವಾಳರ ಮಗುವನ್ನು ಒಂದು ಒತ್ತಿನ ನೆವದಿಂದ ನಾನು ಕೀಳು ಮಾಡಿದ್ದೆನು. ಅಂದು ನನಗಾದ ನಾಚಿಕೆಯನ್ನು ಇಂದಿಗೂ ಮರೆತಿಲ್ಲ.

ಆ ಹುಡುಗನ ಅಜ್ಜಿಯು ಅಲ್ಲಿಯೇ ಒಣಗಿದ ಬಟ್ಟೆಗಳನ್ನು ಮಡಚುತ್ತ ಕುಳಿತಿದ್ದಳು. ಆಕೆ ನನ್ನ ಮುಖವನ್ನು ನೋಡಿ ಏನೆಂದುಕೊಂಡಳೋ, ತಮ್ಮ ಮನೆಯ ಮುದಿ ಕತ್ತೆಯೊಂದು ಕತ್ತಲೆಯಲ್ಲಿ ದಾರಿ ತಪ್ಪದೆ ಬಟ್ಟೆಯ ಗಂಟನ್ನು ಹೊತ್ತು ಊರಿಗೆ ಬಂದ ಕತೆಯನ್ನು ಹೇಳತೊಡಗಿದಳು. ಆಕೆಯ ಬಾಯಿಂದ ಕತ್ತೆ, ಕತ್ತಲೆ, ಹೊತ್ತು, ಸುತ್ತು, ಹತ್ತಿರ ಎಂಬ ಮಾತುಗಳು ಒಂದರ ಹಿಂದೊಂದು ಬಂದುವು. ಹುಡುಗನು ದೂರದಲ್ಲಿ ನಿಂತವನು ಮೆಲ್ಲನೆ ಸಮೀಪಕ್ಕೆ ಬಂದನು. ನಾನು ಅವನ ಪಾಟಿಯನ್ನು ಇಸಕೊಂಡು, ಅಜ್ಜಿ ಹೇಳಿದುದನ್ನೇ ನಾಲ್ಕು ಸಾಲಿನಲ್ಲಿ ಬರೆದು ಅವನ ಕೈಗೆ ಕೊಟ್ಟೆನು. ಅವನು ಒಂದು ತಪ್ಪೂ ಇಲ್ಲದೆ ಓದಿದನು. ನೂರು ಸಲ ತಿದ್ದಿದರೂ ಬಾರದ ಒತ್ತು ಆ ನಾಲ್ಕು ಸಾಲಿನ ಕತೆಯಿಂದ ಬಂದಿತು. ಹುಡುಗನು ಶಾಲೆಗೆ ಮರಳಿದನು. ಏಳನೆಯ ತರಗತಿಯವರೆಗೆ ಓದಿದನು. ತಂಗಿ ಮಾತ್ರ ಮರಳಲಿಲ್ಲ. ಅವಳ ಋಣ ನನ್ನ ಮೇಲೆ ಹಾಗೆಯೇ ಉಳಿದಿದೆ. ಇಂದು ನಾನು ಇಲ್ಲಿ ನಿಂತು ಮಾತನಾಡುತ್ತಿರುವುದು ಆ ಋಣದ ಒಂದಂಶವನ್ನು ತೀರಿಸುವುದಕ್ಕಾಗಿ.

ಮಹನೀಯರೇ, ಈಗ ವಿಷಯವನ್ನು ಪ್ರವೇಶಿಸೋಣ. ವ್ಯಂಜನಕ್ಕೆ ವ್ಯಂಜನವು ನಡುವೆ ಸ್ವರವಿಲ್ಲದೆ ಸೇರಿದರೆ ಅದು ಸಂಯುಕ್ತಾಕ್ಷರ. ಒಂದೇ ವ್ಯಂಜನವು ಎರಡು ಸಲ ಬಂದರೆ ಸಜಾತೀಯವೆಂದೂ, ಬೇರೆ ಬೇರೆ ವ್ಯಂಜನಗಳು ಕೂಡಿದರೆ ವಿಜಾತೀಯವೆಂದೂ ವ್ಯಾಕರಣದಲ್ಲಿ ಹೇಳುವರು. ಅಕ್ಕ ಎಂಬುದು ಮೊದಲನೆಯದಕ್ಕೆ ದೃಷ್ಟಾಂತ. ಪುಸ್ತಕ ಎಂಬುದು ಎರಡನೆಯದಕ್ಕೆ. ನಮ್ಮ ವ್ಯಂಜನಗಳು 34. ಪ್ರತಿಯೊಂದಕ್ಕೂ ಪ್ರತಿಯೊಂದನ್ನೂ ಕೂಡಿಸುತ್ತ ಹೋದರೆ 1156 ಜೋಡಿಗಳಾಗುವುವು. ಇವುಗಳಲ್ಲಿ ಬಳಕೆಯಲ್ಲಿರುವುವು ಸ್ವಲ್ಪವೇ. ಹೀಗಿರಲು, ಕೋಷ್ಟಕವನ್ನು ಗೋಡೆಗೆ ತೂಗಹಾಕಿ ಮೊದಲಿಂದ ಕಡೆಯವರೆಗೆ ಒದರಿಸುವುದು ಕಾಳನ್ನು ಬಿಟ್ಟು ಹೊಟ್ಟನ್ನು ತೂರಿದಂತೆ.

ಒತ್ತಕ್ಷರವು ಮಗುವಿಗೆ ಏಕೆ ಕಷ್ಟವಾಗುವುದು? ನಾಲಗೆಗೆ ಅದು ಕಷ್ಟವಲ್ಲ. ಅಪ್ಪ, ಅವ್ವ, ಅಮ್ಮ, ಅಕ್ಕ, ಅಣ್ಣ, ಅಜ್ಜ, ಅಜ್ಜಿ, ತಮ್ಮ, ಚಿಕ್ಕಪ್ಪ, ದೊಡ್ಡವ್ವ: ಮನೆಯವರನ್ನು ಕರೆಯುವ ಮಾತುಗಳಲ್ಲಿ ಬಹುಭಾಗವು ಒತ್ತಿನಿಂದಲೇ ಕೂಡಿರುವುದನ್ನು ನೋಡಿರಿ. ತೊದಲು ನುಡಿಯುವ ಕೂಸು ತೊಟ್ಟಿಲಲ್ಲಿಯೇ ಕಲಿತುದನ್ನು ನಾವು ಎರಡನೆಯ ತರಗತಿಯಲ್ಲಿ ಕಠಿಣವೆಂದು ಹೆದರಿಸುವೆವು. ಕಷ್ಟವಿರುವುದು ಕಣ್ಣಿಗೆ. ‘ಅಕ್ಕಿ’ ಎಂಬುದನ್ನು ಮಗುವು ಹೇಗೆ ನೋಡುವುದು? ಮೊದಲು ಅ, ಆಮೇಲೆ ಗುಡಿಸು ಕೊಟ್ಟ ಕಿ, ಅದರ ಅಡಿಯಲ್ಲಿ ಇನ್ನೊಂದು ಸಣ್ಣ ಕ. ಕಂಡ ಕ್ರಮದಲ್ಲಿಯೇ ಓದಿದರೆ ‘ಅಕಿಕ’ ಎಂದಾಗುವುದು. ವಾಸ್ತವವಾಗಿ ಇಕಾರವು ಅಡಿಯ ಕಕಾರವಾದ ಮೇಲೆ ಕೇಳಿಬರತಕ್ಕುದು. ಬರೆಹದಲ್ಲಿ ಅದು ಮೇಲಿನ ಕಕಾರಕ್ಕೆ ಅಂಟಿಕೊಂಡಿದೆ. ನುಡಿಯುವ ಕ್ರಮವೊಂದು, ಕಾಣುವ ಕ್ರಮವೊಂದು. ಇದು ಮಗುವಿನ ದಡ್ಡತನವಲ್ಲ, ನಮ್ಮ ಲಿಪಿಯ ಕಟ್ಟಡದ ಗುಣ. ಈಗಿನ ಗಣಕಯಂತ್ರದಲ್ಲಿ ಕನ್ನಡವನ್ನು ಸಂಗ್ರಹಿಸಿಡುವ ಕ್ರಮವೂ ನುಡಿಯುವ ಕ್ರಮವೇ: ಮೊದಲು ಕ, ಅದರ ಸ್ವರವನ್ನು ತೆಗೆಯುವ ಚಿಹ್ನೆ, ಆಮೇಲೆ ಎರಡನೆಯ ಕ, ಕಡೆಗೆ ಇಕಾರ. ಯಂತ್ರಕ್ಕೆ ಕೂಡ ಹೀಗೆ ಬಿಡಿಸಿ ಕೊಡುವಾಗ, ಏಳು ವರ್ಷದ ಮಗುವಿಗೆ ಬಿಡಿಸಿ ಹೇಳದೆ ಬೆತ್ತವನ್ನು ತೋರಿಸುವುದು ಯಾವ ನ್ಯಾಯ?

ಇನ್ನೊಂದು ತೊಡಕುಂಟು. ಒತ್ತುಗಳಲ್ಲಿ ಬಹಳಷ್ಟು ತಮ್ಮ ಮೂಲಾಕ್ಷರವನ್ನೇ ಹೋಲುವುವು. ತಲೆಕಟ್ಟನ್ನು ತೆಗೆದು ಚಿಕ್ಕದು ಮಾಡಿದರೆ ಸರಿ. ಆದರೆ ತ, ನ, ಮ, ಯ, ರ, ಲ ಎಂಬ ಆರರ ಒತ್ತುಗಳು ಬೇರೆಯೇ ರೂಪವನ್ನು ತಾಳಿರುವುವು. ದುರದೃಷ್ಟವಶಾತ್ ಇವುಗಳಿಲ್ಲದೆ ಒಂದು ಪುಟವೂ ನಡೆಯದು. ‘ಮನೆಯನ್ನು’ ಎಂಬಲ್ಲಿ ನಕಾರದ ಒತ್ತು, ‘ಮನೆಯಲ್ಲಿ’ ಎಂಬಲ್ಲಿ ಲಕಾರದ ಒತ್ತು. ‘ಇತ್ತು’ ಎಂದರೆ ತಕಾರದ ಒತ್ತು, ‘ಇಲ್ಲ’ ಎಂದರೆ ಮತ್ತೆ ಲಕಾರದ ಒತ್ತು. ವಿಭಕ್ತಿಪ್ರತ್ಯಯಗಳೂ ಸಾಮಾನ್ಯ ಕ್ರಿಯಾಪದಗಳೂ ಇವನ್ನು ಹೊತ್ತೇ ಬರುವುವು. ಹೀಗೆ ರೂಪದಿಂದ ಸುಲಭವಾದುವು ಒಂದು ಗುಂಪು, ಬಳಕೆಯಿಂದ ಅವಶ್ಯವಾದುವು ಇನ್ನೊಂದು ಗುಂಪು. ನನ್ನ ಅನುಭವದಲ್ಲಿ, ಮೊದಲು ಅಕ್ಕ, ಅಪ್ಪ, ಅವ್ವ, ಅಣ್ಣ, ಅಜ್ಜ ಎಂಬ ಮನೆಯವರ ಹೆಸರುಗಳಿಂದ ರೂಪ ಹೋಲುವ ಒತ್ತುಗಳನ್ನು ಕಲಿಸಿ ಮಗುವಿಗೆ ಧೈರ್ಯ ಬಂದ ಮೇಲೆ, ತಡಮಾಡದೆ ತಕಾರ, ನಕಾರ, ಲಕಾರ, ಮಕಾರಗಳಿಗೆ ಹೋಗತಕ್ಕುದು. ವಿಜಾತೀಯಗಳು ಆಮೇಲೆ. ವರ್ಣಮಾಲೆಯ ಕ್ರಮವು ನಿಘಂಟಿಗೆ ಯೋಗ್ಯವಾದುದು. ಕಲಿಸುವುದಕ್ಕೆ ಮಗುವಿನ ಬಾಯಿಯ ಕ್ರಮವೇ ಯೋಗ್ಯ.

ಇನ್ನು ಕತೆಯ ಮಾತು. ಒತ್ತಕ್ಷರಕ್ಕೆ ಕತೆ ಏಕೆ ಬೇಕು, ಪದಗಳ ಪಟ್ಟಿ ಸಾಲದೇ? ಪಟ್ಟಿಯಲ್ಲಿ ಅಕ್ಕ, ಸೊಕ್ಕು, ತಕ್ಕಡಿ ಎಂಬುವು ಸಂತೆಯಲ್ಲಿ ಒಬ್ಬರನ್ನೊಬ್ಬರು ಅರಿಯದೆ ನಿಂತ ಜನರಂತಿರುವುವು. ಕತೆಯಲ್ಲಿ ಅವು ಒಂದೇ ಮನೆಯವರಾಗುವುವು. ಅದಲ್ಲದೆ, ಕತೆಯಲ್ಲಿ ಮುಂದೇನು ಎಂಬ ಕುತೂಹಲವಿದೆ. ಆ ಕುತೂಹಲವೇ ಮಗುವಿನ ಕಣ್ಣನ್ನು ಕಷ್ಟದ ಅಕ್ಷರದ ಮೇಲಿಂದ ಕೈಹಿಡಿದು ದಾಟಿಸುವುದು. ನಾನು ನನ್ನ ಮಕ್ಕಳಿಗಾಗಿ ಮಾಡಿಕೊಂಡ ಒಂದು ಕತೆಯನ್ನು ತಮ್ಮ ಅಪ್ಪಣೆಯಿಂದ ಓದುವೆನು:

“ಅಕ್ಕ ಅಂಗಳಕ್ಕೆ ಬಂದಳು. ಹಿಡಿ ಅಕ್ಕಿ ಹರಡಿದಳು. ಮರದಿಂದ ಹಕ್ಕಿ ಇಳಿಯಿತು. ಅಕ್ಕಿ ಹೆಕ್ಕಿ ಹೆಕ್ಕಿ ತಿಂದಿತು. ಬೇಲಿಯ ಮರೆಯಿಂದ ಬೆಕ್ಕು ಬಂದಿತು. ಹಕ್ಕಿಗೆ ಅಕ್ಕಿಯದೇ ಚಿಂತೆ. ಬೆಕ್ಕಿಗೆ ಹಕ್ಕಿಯದೇ ಚಿಂತೆ. ‘ಬೆಕ್ಕು! ಬೆಕ್ಕು!’ ಎಂದು ಅಕ್ಕ ಕೂಗಿದಳು. ಹಕ್ಕಿ ಮರಕ್ಕೆ ಹಾರಿತು. ಬೆಕ್ಕಿಗೆ ಸಿಕ್ಕಿದುದು ಏನು? ಬರಿಯ ಅಕ್ಕಿ! ಅಕ್ಕ ನಕ್ಕಳು.”

ಇದರಲ್ಲಿ ನಾಲ್ವತ್ತು ಮಾತುಗಳೂ ಇಲ್ಲ. ಆದರೆ ಕಕಾರದ ಒತ್ತು 22 ಸಲ ಬಂದಿರುವುದು. ಬೇರೆ ಯಾವ ಒತ್ತೂ ಒಂದು ಸಲವಾದರೂ ಬಂದಿಲ್ಲ. ಬೇರೆ ಒತ್ತು ಬಾರದಂತೆ ಮಾಡುವುದು ಕೇಳುವುದಕ್ಕೆ ಸುಲಭ, ಮಾಡುವುದಕ್ಕೆ ಬಲು ಪ್ರಯಾಸ. ‘ಅಂಗಳದಲ್ಲಿ’ ಎಂದರೆ ಲಕಾರದ ಒತ್ತು ನುಸುಳುವುದು, ‘ಅಕ್ಕಿಯನ್ನು’ ಎಂದರೆ ನಕಾರದ ಒತ್ತು. ಆದುದರಿಂದ ಅಕ್ಕನನ್ನು ಅಂಗಳಕ್ಕೆ ಕರೆತಂದೆನು, ಅಕ್ಕಿಯನ್ನು ಪ್ರತ್ಯಯವಿಲ್ಲದೆ ಹರಡಿಸಿದೆನು. ಕ್ಕ, ಕ್ಕಿ, ಕ್ಕು, ಕ್ಕೆ ಎಂಬ ನಾಲ್ಕು ರೂಪಗಳು ಮತ್ತೆ ಮತ್ತೆ ಬರುವುದರಿಂದ, ಸ್ವರಚಿಹ್ನೆಯು ಮೇಲೆ ಅಂಟಿದ್ದರೂ ಕಡೆಗೆ ನುಡಿಯಬೇಕೆಂಬುದು ಮಗುವಿಗೆ ನಿಯಮ ಹೇಳದೆಯೇ ಅಭ್ಯಾಸವಾಗುವುದು.

ಈ ಕತೆಯನ್ನು ಕಲಿಸುವ ಬಗೆ ಹೀಗೆ. ಮೊದಲು ಕಿವಿ, ಆಮೇಲೆ ಬಾಯಿ, ಆಮೇಲೆ ಕಣ್ಣು, ಕಡೆಗೆ ಕೈ. ಮೊದಲ ದಿನ ಪುಸ್ತಕವನ್ನೂ ಹಲಗೆಯನ್ನೂ ಮುಟ್ಟದೆ ಬಾಯಲ್ಲಿಯೇ ಕತೆ ಹೇಳಬೇಕು. ಮಕ್ಕಳು ಅಕ್ಕನಾಗಲಿ, ಹಕ್ಕಿಯಾಗಲಿ, ಬೆಕ್ಕಾಗಲಿ, ಆಡಿ ತೋರಿಸಲಿ. ಕತೆಯು ಅವರ ಬಾಯಿಗೆ ಬಂದ ಮೇಲೆ ಚಪ್ಪಾಳೆಯ ಆಟವನ್ನು ಆಡಿಸಬೇಕು. ಛಂದಸ್ಸನ್ನು ಬಲ್ಲ ತಮಗೆ ತಿಳಿದೇ ಇದೆ, ಒತ್ತಕ್ಷರದ ಹಿಂದಿನ ಅಕ್ಷರವು ಗುರುವಾಗುವುದು. ಪಂಡಿತರು ಪ್ರಸ್ತಾರ ಹಾಕಿ ತಿಳಿಯುವ ಈ ಸೂಕ್ಷ್ಮವನ್ನು ಮಗುವಿನ ಅಂಗೈಯು ಸಹಜವಾಗಿ ಗ್ರಹಿಸುವುದು. ‘ಕತೆ’ ಎಂದರೆ ಎರಡು ಮಾತ್ರೆ. ‘ಕತ್ತೆ’ ಎಂದರೆ ಮೂರು. ಬಳಿ ಎರಡು, ಬಳ್ಳಿ ಮೂರು. ಎಲೆ ಎರಡು, ಎಲ್ಲೆ ಮೂರು. ಅಡಿ ಎರಡು, ಅಡ್ಡಿ ಮೂರು. ಕೈಗೆ ಈ ಭೇದವು ಗೊತ್ತಾದ ಮೇಲೆ ಕತೆಯನ್ನು ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು, ಒತ್ತುಗಳನ್ನು ಮಾತ್ರ ಕೆಂಪು ಬಳಪದಿಂದ ತಿದ್ದಬೇಕು. ಮಕ್ಕಳಿಗೆ ಕತೆ ಮೊದಲೇ ಗೊತ್ತು. ಆದುದರಿಂದ ಅವರು ಹೆದರಿ ಅಕ್ಷರಗಳನ್ನು ಹೆಕ್ಕುವುದಿಲ್ಲ, ಗುರುತಿನವರನ್ನು ಕಂಡಂತೆ ಪದಗಳನ್ನು ಕಾಣುವರು. ಎಲ್ಲಕ್ಕಿಂತ ಕಡೆಗೆ ಬರೆವಣಿಗೆ. ಅದೂ ನೂರು ಸಲ ಒಂದೇ ಅಕ್ಷರವಲ್ಲ, ಕತೆಯ ತನಗೆ ಮೆಚ್ಚಿಗೆಯಾದ ಒಂದು ವಾಕ್ಯ.

ಎರಡನೆಯ ಕತೆಯು ಆ ಮಡಿವಾಳರ ಹುಡುಗನಿಗೆ ನಾನು ಸಲ್ಲಿಸಬೇಕಾದ ಕಾಣಿಕೆ. ಅಜ್ಜ ಎಂಬುದನ್ನು ಕಲಿತ ಮಕ್ಕಳಿಗೆ ತಕಾರದ ಒತ್ತನ್ನು ಕಲಿಸುವಾಗ ಇದನ್ನು ಹೇಳುವೆನು:

“ಅಜ್ಜ ಸಂತೆಗೆ ಹೊರಟ. ಮಗು ಒಂದು ಚೀಟಿ ಬರೆದು ಅಜ್ಜನ ಕೈಗೆ ನೀಡಿತು. ‘ನನಗೆ ಒಂದು ಹೊಸ ಕತ್ತೆ ಬೇಕು’ ಎಂದು ಚೀಟಿ ಹೇಳಿತು. ಅಜ್ಜ ಬೆರಗಾದ. ಸಂತೆಯ ಸುತ್ತ ಹತ್ತು ಸಲ ಸುತ್ತಿದ. ಹೊತ್ತು ಮುಳುಗಿತು, ಕತ್ತಲೆ ಕವಿಯಿತು. ಅಜ್ಜ ಕತ್ತೆಯೊಡನೆ ಮನೆಗೆ ಬಂದ. ಮಗು ಅತ್ತಿತು. ‘ನಾನು ಕೇಳಿದುದು ಕತೆ, ಇದು ಕತ್ತೆ!’ ಎಂದಿತು. ಅಜ್ಜ ಚೀಟಿ ತೋರಿದ. ‘ಮಗು, ಬೇಡದ ಒತ್ತು ಬರೆದೆ, ಬೇಡದ ಕತ್ತೆ ಬಂದಿತು. ಇರಲಿ, ಹತ್ತಿರ ಬಾ; ಈಗ ಈ ಕತ್ತೆಯ ಕತೆಯೇ ಹೇಳುವೆ’ ಎಂದ.”

ಈ ಕತೆಯಲ್ಲಿ ಒತ್ತು ಅಲಂಕಾರಕ್ಕಾಗಿ ಬಂದುದಲ್ಲ. ಒತ್ತೇ ಕತೆಯ ಜೀವ. ಒತ್ತನ್ನು ತೆಗೆದರೆ ಕತೆಯೇ ಇಲ್ಲ. ಇಂತಹ ಕತೆಯನ್ನು ಕೇಳಿದ ಮಗುವು ಒಂದು ಸಣ್ಣ ಗೆರೆಯಿಂದ ಅರ್ಥವು ಎಷ್ಟು ದೂರ ಹೋಗುವುದೆಂಬುದನ್ನು ತಾನೇ ಕಂಡುಕೊಳ್ಳುವುದು. ಇಲ್ಲಿಯೂ ನಗೆಯಿದೆ, ಆದರೆ ಅದು ಚೀಟಿಯ ಮೇಲಿನ ನಗೆ, ಮಗುವಿನ ಮೇಲಿನದಲ್ಲ. ಕತೆಯ ಅಜ್ಜನು ಬೈಯುವುದಿಲ್ಲ. ತಪ್ಪನ್ನು ತೋರಿಸಿ, ಹತ್ತಿರಕ್ಕೆ ಕರೆದು, ಇನ್ನೊಂದು ಕತೆ ಹೇಳುವನು. ನಾನು ಅಂದು ಹಾಗೆ ಮಾಡಿದ್ದರೆ ಎರಡು ಮಕ್ಕಳೂ ಶಾಲೆಯಲ್ಲಿಯೇ ಇರುತ್ತಿದ್ದರು.

ಇನ್ನು ವಿಜಾತೀಯಗಳ ವಿಚಾರ. ಸಜಾತೀಯವಾದ ಒತ್ತು ಅಚ್ಚಗನ್ನಡದ ಮಾತುಗಳಲ್ಲಿ ತುಂಬಿರುವಂತೆ, ವಿಜಾತೀಯವಾದ ಒತ್ತು ಬಹುಮಟ್ಟಿಗೆ ಸಂಸ್ಕೃತದಿಂದ ಬಂದ ಮಾತುಗಳಲ್ಲಿಯೂ, ರಸ್ತೆ, ಜಾಸ್ತಿ, ಕುರ್ಚಿ ಮೊದಲಾದ ಅನ್ಯದೇಶ್ಯಗಳಲ್ಲಿಯೂ ಇರುವುದು. ಹಳ್ಳಿಯ ಮಗುವು ಭಕ್ತಿಯನ್ನು ‘ಬಕುತಿ’ ಎಂದೂ ರತ್ನವನ್ನು ‘ರತುನ’ ಎಂದೂ ಓದಿದರೆ ಮುಖ ಸಿಂಡರಿಸುವವರುಂಟು. ಅವರು ತಮ್ಮ ವ್ಯಾಕರಣವನ್ನೇ ಮರೆತಿರುವರು. ವರ್ಷವನ್ನು ವರುಷ, ಹರ್ಷವನ್ನು ಹರುಷ, ಮೂರ್ತಿಯನ್ನು ಮೂರುತಿ, ಮುಕ್ತಿಯನ್ನು ಮುಕುತಿ, ಪದ್ಮವನ್ನು ಪದುಮ ಎಂದು ನಮ್ಮ ಹಿರಿಯ ಕವಿಗಳೇ ಬಳಸಿರುವರು. ಕಾರ್ಯವು ಕಜ್ಜವಾಯಿತು, ಪುಸ್ತಕವು ಹೊತ್ತಗೆಯಾಯಿತು. ಇವುಗಳಿಗೆ ತದ್ಭವಗಳೆಂದು ಹೆಸರಿಟ್ಟು ನಾವು ಆದರಿಸುವೆವು. ಎರಡು ಬೇರೆ ವ್ಯಂಜನಗಳು ಕೂಡಿದಲ್ಲಿ ನಡುವೆ ಒಂದು ಸ್ವರವನ್ನು ಸೇರಿಸಿ ಸಡಿಲಿಸುವುದಾಗಲಿ, ಎರಡನ್ನೂ ಒಂದೇ ಜಾತಿಯದಾಗಿ ಮಾಡುವುದಾಗಲಿ ಕನ್ನಡ ನಾಲಗೆಯ ಹಳೆಯ ಸ್ವಭಾವ. ಹಿರಿಯರು ಮಾಡಿದರೆ ತದ್ಭವ, ಮಗುವು ಮಾಡಿದರೆ ತಪ್ಪು ಎಂದರೆ ಹೇಗೆ?

ಈ ಸ್ವಭಾವವನ್ನೇ ಸೋಪಾನವಾಗಿ ಮಾಡಿಕೊಳ್ಳಬಹುದು. ‘ರತುನ’ ಎಂದು ಮೊದಲು ನಿಧಾನವಾಗಿ ಹೇಳಿಸಿ, ಬರಬರುತ್ತ ಬೇಗ ಬೇಗನೆ ಹೇಳಿಸಿದರೆ ನಡುವಣ ಉಕಾರವು ತಾನಾಗಿಯೇ ಉದುರಿ ‘ರತ್ನ’ವಾಗುವುದು. ಉದುರಿದ ಮೇಲೆ ತಕಾರಕ್ಕೆ ಆಸರೆಯಿಲ್ಲ. ಅದು ನಕಾರವನ್ನು ಅಪ್ಪಿಕೊಳ್ಳುವುದು. ಇದನ್ನೇ ಹಲಗೆಯ ಮೇಲೆ ತೋರಿಸಿದರೆ ಮಗುವಿಗೆ ಒತ್ತಿನ ಮರ್ಮವೇ ಕೈವಶವಾಗುವುದು. ‘ಸಿದ್ಧ’ ಎಂಬಂತಹ ಮಾತುಗಳಲ್ಲಿ ಮೇಲೆ ದಕಾರವೂ ಕೆಳಗೆ ಧಕಾರವೂ ಇರುವುವು. ನೋಡುವುದಕ್ಕೆ ಸಜಾತೀಯದಂತೆ ತೋರುವುದರಿಂದ ಮಕ್ಕಳು ದಕಾರದ ಒತ್ತನ್ನೇ ಬರೆಯುವರು. ಇದನ್ನು ಸಾವಕಾಶವಾಗಿ ತಿದ್ದಿದರೆ ಸಾಕು. ಮೊದಲ ವರ್ಷದಲ್ಲಿಯೇ ಅದಕ್ಕಾಗಿ ಕಾಡಬೇಕಾಗಿಲ್ಲ.

ಅರ್ಕಾವತ್ತು ಎಂಬುದೊಂದು ಪ್ರತ್ಯೇಕವಾದ ಸೋಜಿಗ. ಉಳಿದ ಒತ್ತುಗಳಲ್ಲಿ ಮೊದಲು ನುಡಿಯುವ ವ್ಯಂಜನವು ಮೇಲೆ ಪೂರ್ಣರೂಪದಿಂದ ನಿಲ್ಲುವುದು. ಅರ್ಕಾವತ್ತಿನಲ್ಲಾದರೋ, ಮೊದಲು ನುಡಿಯಬೇಕಾದ ರಕಾರವನ್ನು ಆಮೇಲೆ ಬರೆಯುವೆವು. ಹಿಂದೆ ಬಂದವನು ಮುಂದಿನ ಪಂಕ್ತಿಯಲ್ಲಿ ಉಂಡಂತೆ. ಅದಕ್ಕಾಗಿ ಒಂದು ಕತೆ:

“ಮಾರ್ಗದ ನಡುವೆ ಒಂದು ಸರ್ಪ ಮಲಗಿತು. ಅದಕ್ಕೆ ಬಹಳ ದರ್ಪ. ‘ನಾನು ಸರ್ಪ; ಈ ಮಾರ್ಗ ಬಿಡೆನು’ ಎಂದಿತು. ದನ ಬಂದಿತು, ಅರ್ಧ ಮಾರ್ಗದಿಂದ ಹಿಂದೆ ಹೋಯಿತು. ನರಿ ಬಂದಿತು, ಅದೂ ಅರ್ಧ ಮಾರ್ಗದಿಂದ ಹಿಂದೆ ಹೋಯಿತು. ಸೂರ್ಯ ನೆತ್ತಿಗೆ ಬಂದ. ಮಾರ್ಗ ಕಾದು ಕೆಂಡವಾಯಿತು. ಸರ್ಪದ ದರ್ಪ ಇಳಿಯಿತು. ಸರ್ಪ ಹುತ್ತಕ್ಕೆ ಓಡಿತು. ಸೂರ್ಯ ಒಂದು ಮಾತೂ ಆಡದೆ ಮುಂದೆ ನಡೆದ.”

ಇಂತಹ ಕತೆಗಳನ್ನು ಮಾಡುವವರು ಕೆಲವು ನಿಯಮಗಳನ್ನು ಪಾಲಿಸತಕ್ಕುದು. ಒಂದು ಕತೆಗೆ ಒಂದೇ ಹೊಸ ಒತ್ತು. ಅದು ಕಡಮೆಯೆಂದರೆ ಹತ್ತು ಸಲವಾದರೂ ಮರಳಿ ಬರಬೇಕು. ಮಾತುಗಳು ಮಗುವಿನ ಮನೆಯಲ್ಲಿ ಬಳಕೆಯಲ್ಲಿರುವುವಾಗಬೇಕು. ಒತ್ತಿಗೋಸ್ಕರ ಕೋಶದಿಂದ ಅಗೆದು ತಂದ ಮಾತು ಒಂದೂ ಬೇಡ. ಕತೆಯನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವಂತಿರಬೇಕು. ನೀತಿಯನ್ನು ಕಡೆಗೆ ಬಾಲದಂತೆ ಕಟ್ಟಬಾರದು. ಇದ್ದರೆ ಅದು ಕತೆಯ ಒಳಗಿರಲಿ. ಮಂಗಳೂರಿನ ಕಡೆಯ ಪಂಜೆ ಮಂಗೇಶರಾಯರು (1874–1937) ವಿದ್ಯಾಭ್ಯಾಸದ ಇಲಾಖೆಯಲ್ಲಿದ್ದುಕೊಂಡು ಎಳೆಯರಿಗಾಗಿ ಕತೆಗಳನ್ನೂ ಪದ್ಯಗಳನ್ನೂ ಬರೆದರು. ಅಷ್ಟು ದೊಡ್ಡ ವಿದ್ವಾಂಸರು ಮಕ್ಕಳ ಮಾತನ್ನು ಕೀಳೆಂದು ತಿಳಿಯಲಿಲ್ಲ. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪೀಠವು ಅವರಿಗೆ ದೊರೆಯಿತು. ಮಕ್ಕಳಿಗಾಗಿ ಬರೆಯುವುದು ಅಲ್ಪರ ಕೆಲಸವೆನ್ನುವವರಿಗೆ ಇದೊಂದೇ ಉತ್ತರ ಸಾಕು.

ಈ ವಿಷಯವನ್ನು ಶ್ರೀಮಠದ ವೇದಿಕೆಯಲ್ಲಿ ಎತ್ತಿದುದಕ್ಕೆ ಕಾರಣವುಂಟು. ಹಿಂದಿನ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಐಗಳು ನಡೆಯಿಸುತ್ತಿದ್ದ ಶಾಲೆಗೆ ಮಠವೆಂದೇ ಹೆಸರಿದ್ದಿತು. ಮರಳನ್ನು ಹರಡಿ ಬೆರಳಿನಿಂದ ಅಕ್ಷರ ತೀಡಿಸುವುದು, ಸಂಜೆಗೆ ಮಗ್ಗಿ ಕಾಗುಣಿತಗಳನ್ನು ಹೇಳಿಸುವುದು ಅಲ್ಲಿಯ ಕ್ರಮ. ಆಮೇಲೆ ಸರಕಾರದ ಶಾಲೆಗಳು ಬಂದಾಗ ಉತ್ತರ ಕರ್ನಾಟಕದಲ್ಲಿ ಕನ್ನಡದ ಮಕ್ಕಳೂ ಮರಾಠಿಯಲ್ಲಿ ಓದಬೇಕಾದ ಸ್ಥಿತಿಯೊದಗಲು, ಡೆಪ್ಯುಟಿ ಚೆನ್ನಬಸಪ್ಪನವರು (1834–1881) ಕನ್ನಡ ಶಾಲೆಗಳಿಗಾಗಿ ದುಡಿದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ಇಪ್ಪತ್ತನೆಯ ಶತಮಾನದಲ್ಲಿ ನಾಡಿನ ಅನೇಕ ಮಠಗಳು ಅನ್ನದಾಸೋಹದೊಡನೆ ಅಕ್ಷರದಾಸೋಹವನ್ನೂ ಕೈಕೊಂಡು ಪ್ರಸಾದನಿಲಯಗಳನ್ನು ತೆರೆದುವು. ಹೀಗೆ ಶಾಲೆಯ ಬಾಗಿಲನ್ನು ಹಿರಿಯರು ತೆರೆದರು. ಬಾಗಿಲ ಒಳಗೆ ಬಂದ ಮಗುವು ಒತ್ತಕ್ಷರದ ಬಳಿ ಎಡವಿ ಹಿಂದಿರುಗದಂತೆ ಕೈಹಿಡಿಯುವುದು ನಮ್ಮ ಪಾಲಿನ ಕೆಲಸ. ಪ್ರಸಾದನಿಲಯಕ್ಕೆ ಬರುವ ಎಷ್ಟೋ ಮಕ್ಕಳ ಮನೆಯಲ್ಲಿ ಪುಸ್ತಕ ಓದುವವರಿಲ್ಲ. ಅಂತಹ ಮಗುವಿಗೆ ಶಾಲೆಯಲ್ಲಿ ತಪ್ಪಿದುದನ್ನು ಮನೆಯಲ್ಲಿ ತಿದ್ದುವವರಿಲ್ಲ. ಒಂದು ಸಲ ನಕ್ಕರೆ ಅದರ ಓದು ಅಲ್ಲಿಗೆ ಮುಗಿಯಿತು.

ಆದುದರಿಂದ ಈ ಮಹೋತ್ಸವದ ಸಂದರ್ಭದಲ್ಲಿ ನನ್ನದು ಮೂರು ಬಿನ್ನಹಗಳು. ಮೊದಲನೆಯದು ತಾಯಂದಿರಲ್ಲಿ, ಅಜ್ಜಿಯರಲ್ಲಿ. ತಮಗೆ ಓದು ಬಾರದೆಂದು ತಾವು ಹಿಂಜರಿಯಬಾರದು. ಒತ್ತಕ್ಷರದ ಮೊದಲ ಪಾಠವಿರುವುದು ತಮ್ಮ ಬಾಯಲ್ಲಿ. ದಿನಕ್ಕೊಂದು ಕತೆಯನ್ನು ಮಕ್ಕಳಿಗೆ ಹೇಳಿರಿ. ಅಂದು ಹಳ್ಳದ ದಂಡೆಯಲ್ಲಿ ನನಗೆ ಪಾಠ ಹೇಳಿದ ತಾಯಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಎರಡನೆಯದು ಪ್ರಸಾದನಿಲಯದ ಹಿರಿಯ ವಿದ್ಯಾರ್ಥಿಗಳಲ್ಲಿ. ಸಂಜೆಯ ಪ್ರಾರ್ಥನೆಯಾದ ಮೇಲೆ ಅರ್ಧ ಗಂಟೆ, ಒಬ್ಬೊಬ್ಬರು ಒಂದೊಂದು ಒತ್ತನ್ನು ಹಿಡಿದು ಕಿರಿಯರಿಗಾಗಿ ಹತ್ತು ಸಾಲಿನ ಕತೆಯನ್ನು ಬರೆಯಲಿ. ಬರೆದುದನ್ನು ಕಿರಿಯರಿಂದಲೇ ಓದಿಸಲಿ. ಎಲ್ಲಿ ಕಿರಿಯನು ತಡೆದು ನಿಲ್ಲುವನೋ ಅಲ್ಲಿ ಕತೆಯನ್ನು ತಿದ್ದಬೇಕು, ಕಿರಿಯನನ್ನಲ್ಲ. ವರ್ಷವೊಂದರಲ್ಲಿ ಬೇಕಾದಷ್ಟು ಕತೆಗಳಾಗುವುವು. ಮೂರನೆಯದು ನನ್ನ ವೃತ್ತಿಬಾಂಧವರಲ್ಲಿ. ತಪ್ಪಿ ಓದಿದ ಮಗುವನ್ನು ನೋಡಿ ತರಗತಿಯು ನಕ್ಕಾಗ, ನಾವು ಮಾತ್ರ ನಗಬಾರದು.

ಮಹೋತ್ಸವಗಳ ನೆನಪಿಗಾಗಿ ಕಲ್ಲಿನ ಕಟ್ಟಡಗಳನ್ನು ಕಟ್ಟುವುದು ಯುಕ್ತವೇ. ಅದರೊಡನೆ ನನ್ನ ಆಸೆಯೊಂದು ಸಣ್ಣದು. ಇನ್ನು ಮುಂದೆ ಈ ಮಠದ ನೆರಳಿಗೆ ಬಂದ ಯಾವ ಮಗುವೂ ಒಂದು ಒತ್ತಿಗಾಗಿ ಮನೆಗೆ ಹಿಂದಿರುಗದಿರಲಿ. ಹಳ್ಳದ ದಂಡೆಯಿಂದ ಮರಳಿ ಬಾರದೆ ಹೋದ ಆ ಹುಡುಗಿಯ ಮೊಮ್ಮಕ್ಕಳಾದರೂ ಇಲ್ಲಿ ಕುಳಿತು, ಬಸವಣ್ಣ ಎಂಬ ಹೆಸರನ್ನು ಒತ್ತು ತಪ್ಪದೆ ಬರೆದು, ತಲೆಯೆತ್ತಿ ಓದಲಿ.